ಧೈವತ

ಭಾಲ್ಕಿಯ ಆಚೆ, ಜಂಬಿಟ್ಟಿಗೆ ಗೋಡೆಯ ನಮ್ಮ ಚರ್ಚಿನಲ್ಲಿ
ಪೇಟಿ ಬಾರಿಸುವವನು ನಾನು, ಅಪ್ಪನ ನಂತರ.
ಅಪ್ಪನ ಕಾಲಕ್ಕೇ ಧೈವತ ಸತ್ತಿತ್ತು.
ಒತ್ತಿದರೆ ಬರೀ ಗಾಳಿ,
ಉಬ್ಬಸದ ಮುದುಕನ ಹಾಗೆ.

ಬೀದರಿಗೆ ಒಯ್ಯಬೇಕು ರಿಪೇರಿಗೆ.
ಕಾಣಿಕೆ ಡಬ್ಬಿಯ ದುಡ್ಡು
ಒಮ್ಮೆ ಮಾಡಿನ ತಗಡಿಗೆ ಹೋಯಿತು, ಒಮ್ಮೆ ಬೋರಿಗೆ,
ಒಮ್ಮೆ ಯಾರದೋ ಹೆರಿಗೆಗೆ.

ಆ ಜಾಗ ಬಂದಾಗಲೆಲ್ಲ ಹೆಂಗಸರ ಚಾಪೆಯಿಂದ
ಸುವಾರ್ತಮ್ಮ ಎತ್ತಿಕೊಡುವಳು ಸ್ವರ.
ತೊಗರಿ ಹೊಲದಿಂದ ಹೊಲಕ್ಕೆ ಕೂಗಿ ಪಳಗಿದ ದನಿ,
ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಮೇಲೆ.
"ಓದ್ಲಕ್ಕ ಬರಲ್ರಿ ಅಯ್ಯೋರೆ," ಅನ್ನುವಳು,
"ಎಷ್ಟು ಹಾಡೀನೋ ಅಷ್ಟೇ ನಂಬೀನಿ."

ಈಸ್ಟರ್ ಕಳೆದ ವಾರ ಅವಳನ್ನು ಮಣ್ಣು ಮಾಡಿದೆವು.
ಗುಂಡಿಯ ಬಳಿ ಪ್ರಾರ್ಥನೆ ಯಾರ ಬಾಯಿಗೂ ಬರಲಿಲ್ಲ,
ಹಾಡು ಬಂತು. ಆ ಜಾಗದವರೆಗೆ ಬಂದು
ನಿಂತುಬಿಟ್ಟಿತು.

ಮಗ ಯೋವೇಲಪ್ಪ ಏನೂ ಆಡದೆ
ಪೇಟಿಯನ್ನು ಬಸ್ಸಿನ ಟಾಪಿಗೇರಿಸಿದ.
ಚೌಬಾರಾದ ಬಳಿ ಮುನೀರ್ ಸಾಹೇಬರ ಅಂಗಡಿ,
ಹೊಸ ಹಿತ್ತಾಳೆ ರೀಡು.
ಕೂಲಿ ಎಷ್ಟೆಂದು ಇವತ್ತಿಗೂ ಹೇಳಿಲ್ಲ.

ಭಾನುವಾರ ಒತ್ತಿದೆ. ನುಡಿಯಿತು ಧೈವತ,
ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛ, ಸರಿ.
ಇಡೀ ಸಭೆ ಅದಕ್ಕಿಂತ
ಕೂದಲೆಳೆಯಷ್ಟು ಮೇಲಿತ್ತು:
ಗಂಡಸರು, ಮೂಗು ಸುರಿಸುವ ಮಕ್ಕಳು,
ರಾಗ ತಿಳಿಯದ ಅಯ್ಯನವರು ಕೂಡ.
ತಪ್ಪಿದ್ದು ಪೇಟಿ.

ಯೋವೇಲಪ್ಪ ನನ್ನ ಕಡೆ ನೋಡಿದ.
ನಾನು ಕೀಲಿಗಳ ಕಡೆ.

ಈಗಲೂ ತಿದಿ ಒತ್ತುತ್ತೇನೆ, ಹಾಡು ಸಾಗುತ್ತದೆ.
ಆ ಮನೆ ಬಂದಾಗ
ಬೆರಳು ಎತ್ತುತ್ತೇನೆ.