ಎತ್ತಿಕೊಡುವವಳು

ಕೋಡಿಬಾಗದ ಐಸ್ ಫ್ಯಾಕ್ಟರಿ ಮುಚ್ಚಿ ಹನ್ನೊಂದು ವರ್ಷ.
ಒಳಗೆ ಈಗ ನಮ್ಮ ನಾಟಕ.
ಗೋಡೆಗೆ ಇನ್ನೂ ಅಮೋನಿಯದ ನೆನಪು,
ಒಮ್ಮೊಮ್ಮೆ ಸಿಂಹಾಸನದ ಮೇಲಿನ ರಾಜ ಕೆಮ್ಮುತ್ತಾನೆ.
ಮಂಜುಗಡ್ಡೆ ಜಾರಿಸುತ್ತಿದ್ದ ಇಳಿಜಾರೇ
ನಟರು ಬರುವ ದಾರಿ.
ಹೊಸಬರು ಮೊದಲ ದಿನ ಬೀಳುತ್ತಾರೆ;
ಬಿದ್ದವರನ್ನು ಮಾತ್ರ ಸೇರಿಸಿಕೊಳ್ಳುವುದೆಂದು
ಎಲಿಯಾಸ್ ಮಾಸ್ತರರ ತಮಾಷೆ.

ಈ ಸಲ ನಾಲ್ಕು ನಾಟಕ.
ಬೋರ್ಡು ಬರೆದಾಯ್ತು: ಎರಡು ಹೊಸತು, ಒಂದು ಹಳತು,
ನಾಲ್ಕನೆಯದರ ಹೆಸರಿನ ಜಾಗ ಖಾಲಿ.
ಬರೆಯುತ್ತಿರುವವ ಇನ್ನೂ ಮೂರನೇ ಅಂಕದಲ್ಲಿ
ಹೆಂಡತಿಯೊಡನೆ ಜಗಳದಲ್ಲಿದ್ದಾನೆ,
ನಾಟಕದಲ್ಲೋ ಮನೆಯಲ್ಲೋ ಯಾರೂ ಕೇಳಿಲ್ಲ.
ಕುರ್ಚಿ ನೂರಾ ಹತ್ತು, ಅದರಲ್ಲಿ ಆರು ಕುಂಟು.
ಕುಂಟು ಕುರ್ಚಿ ನೆಂಟರಿಗೆ.

ನಾನು ವತ್ಸಲಾ ದುರ್ಗೇಕರ.
ಹಗಲು ಮೀನು ಸೊಸೈಟಿಯ ಲೆಕ್ಕ,
ಸಂಜೆ ಬಲಗಡೆಯ ಪರದೆಯ ಹಿಂದೆ
ಬಂಗಡೆ ತುಂಬುತ್ತಿದ್ದ ಪೆಟ್ಟಿಗೆಯ ಮೇಲೆ, ಪ್ರತಿ ಹಿಡಿದು.
ಮನೆಯಲ್ಲಿ ಕೊಂಕಣಿ, ಇಲ್ಲಿ ಕನ್ನಡ,
ಅದೂ ಪಿಸುದನಿಯಲ್ಲಿ.
ಗಟ್ಟಿಯಾಗಿ ಕನ್ನಡ ಆಡಿದರೆ
ಯಾರೋ ಬಾಗಿಲು ಬಡಿದಂತಾಗಿ ತಿರುಗಿ ನೋಡುತ್ತೇನೆ.
ರಾಣಿಯ ಶಾಪ, ಕಳ್ಳನ ಆಣೆ,
ಹೆಣದ ಪಕ್ಕ ಕೂತು ಹೇಳುವ ನಾಲ್ಕು ಸಾಲು
ಎಲ್ಲ ನನ್ನ ನಾಲಗೆಯ ಕೆಳಗೆ
ಕೆಮ್ಮಿನ ಗುಳಿಗೆಯ ಹಾಗೆ.

ಮೋರೇಶ್ವರ ತಾಂಡೇಲನಿಗೆ ಕಳೆದ ವರ್ಷ
ಮಾತು ಕೈಕೊಟ್ಟಿತು.
ಮೂವತ್ತು ವರ್ಷ ಚುಕ್ಕಾಣಿ ಹಿಡಿದವ,
ಕತ್ತಲಲ್ಲಿ ಬಂಡೆಗಳ ಹೆಸರು ಹೇಳುವವ,
ಎರಡನೇ ಅಂಕದ ನಡುವೆ ನಿಂತುಬಿಟ್ಟ.
ಎತ್ತಿಕೊಟ್ಟೆ. ಮತ್ತೆ ಎತ್ತಿಕೊಟ್ಟೆ.
ಕೊನೆಗೆ ಹಿಂದಿನ ಸಾಲಿಗೂ ಕೇಳುವಷ್ಟು ಎತ್ತಿಕೊಟ್ಟೆ.
ಜನ ನಕ್ಕರು. ಅವನೂ ನಕ್ಕ.
ಆ ನಗು ಪ್ರತಿಯಲ್ಲಿ ಇರಲಿಲ್ಲ.

ಅದಕ್ಕೇ ಈ ಸಲ ಅವನು ದಕ್ಕೆಯ ಕಾವಲುಗಾರ.
ಇಡೀ ನಾಟಕ ಹಗ್ಗದ ಸುರುಳಿಯ ಮೇಲೆ ಕೂರಬೇಕು,
ಕೊನೆಗೆ ಎದ್ದು ಎರಡೇ ಶಬ್ದ:
“ದೋಣಿ ಬಂತು.”
ತಾಲೀಮಿನಲ್ಲಿ ಒಮ್ಮೆಯೂ ತಪ್ಪಲಿಲ್ಲ.
ತಪ್ಪುವುದಕ್ಕೆ ಅದರಲ್ಲೇನಿದೆ ಎಂದು ಅವನೇ ಅಂದ,
ತುಸು ಜೋರಾಗಿ.

ಮೊದಲ ಪ್ರಯೋಗ, ಶನಿವಾರ.
ಎಂಬತ್ತಮೂರು ಟಿಕೆಟು.
ನೌಕಾನೆಲೆಯ ಹುಡುಗರಿಬ್ಬರು, ಕನ್ನಡ ಬಾರದವರು,
ಎದುರಿನ ಸಾಲಿನಲ್ಲೇ.
ತಾಂಡೇಲ ಎದ್ದ. ಬಾಯಿ ತೆರೆದ.
ಶಬ್ದವಿಲ್ಲ.

ಒಂದು. ಎರಡು.
ನನ್ನ ತುಟಿಯ ಮೇಲೆ ‘ದೋ’ ಬಂದು ಕೂತಿತ್ತು.
ಆಚೆ ಬದಿಯಿಂದ ಮಾಸ್ತರರ ಕೈಸನ್ನೆ: ಕೊಡು, ಕೊಡು.
ಕೊಡಲಿಲ್ಲ.
ಏಕೆಂದು ಕೇಳಬೇಡಿ. ಅವನ ಕತ್ತು
ಮರೆತವನ ಕತ್ತಿನಂತೆ ಬಾಗಿರಲಿಲ್ಲ.
ಐದು. ಆರು.
ಯಾವುದೋ ಕುಂಟು ಕುರ್ಚಿ ಕಿರ್ರೆಂದು ಸುಮ್ಮನಾಯಿತು.
ಅಷ್ಟೂ ಜನ ಆ ಎರಡು ಶಬ್ದದ ಕಡೆ
ವಾಲಿದ್ದು ಕತ್ತಲಲ್ಲೇ ಗೊತ್ತಾಯಿತು,
ಬಲೆ ಎಳೆಯುವಾಗ ಬೋಟು ವಾಲುವ ಹಾಗೆ.
ಆಮೇಲೆ ಹೇಳಿದ. ಮೆಲ್ಲಗೆ,
ಯಾರಿಗೂ ಅಲ್ಲವೆಂಬಂತೆ.

ಆ ಮೌನ ಎಲ್ಲಿ ಕಲಿತೆ ಮಾರಾಯ, ಎಂದರು ಮಾಸ್ತರರು.
ತೆಂಗಿನೆಣ್ಣೆಯಲ್ಲಿ ಬಣ್ಣ ಒರೆಸುತ್ತ ತಾಂಡೇಲ:
“ಮೌನ ಎಂಥದ್ದು? ಹೊರಗೆ ಎಂಜಿನ್ ಸದ್ದು ಕೇಳಿತು.
ಅಕ್ಕನ ಮಗನ ಬೋಟೋ ಬೇರೆಯವರದೋ
ಅಂತ ಕಿವಿಗೊಟ್ಟೆ. ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ನಮ್ಮದೇ.
ಖಾತ್ರಿಯಾಗದೆ ಬಂತು ಅನ್ನುವುದು ಹೇಗೆ?”

ಭಾನುವಾರ ಯಾವ ಬೋಟೂ ಬರಲಿಲ್ಲ.
ಅವನು ಕಾದ. ನಾನೂ.
ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ:
ಇಲ್ಲಿ ಎತ್ತಿಕೊಡಬಾರದು.

ನಾಳೆಯಿಂದ ಎರಡನೇ ನಾಟಕದ ತಾಲೀಮು.
ತಾಂಡೇಲನಿಗೆ ನಲವತ್ತೆರಡು ಮಾತು,
ತಾನೇ ಕೇಳಿ ಪಡೆದದ್ದು.
ಪೆಟ್ಟಿಗೆಯ ಮೇಲೆ ಹಾಸಲು ಗೋಣಿ ತರಬೇಕು.
ಪೆನ್ಸಿಲು ಮೊಂಡಾಗಿದೆ.