ಹತ್ತೊಂಬತ್ತನೆಯ ತಿಂಗಳು

ಕೀಲಿ ತಿರುವಿದರೆ ಟಿಕ್. ಮತ್ತೆ ತಿರುವಿದರೆ
ಟಿಕ್ ಕೂಡ ಇಲ್ಲ.
ಭಾಂಡುಪಿನ ಸೇತುವೆ ಕೆಳಗಿಂದ ಅಪ್ಪಾಲಾಲ ನದಾಫ ಬಂದ,
ಇಂಡಿ ತಾಲೂಕಿನವನು.
ಬಾನೆಟ್ ಎತ್ತಿ ಮೊದಲು ಮೂಸಿದ,
ನಿನ್ನೆಯ ಸಾರು ಹಳಸಿತೇ ಎಂದು ನೋಡುವವರ ಹಾಗೆ.

ಟರ್ಮಿನಲ್ಲಿನ ಮೇಲೆ ಹಸಿರು ಬೂಷ್ಟು.
ಮೂರನೇ ಮಹಡಿಯಿಂದ ಚಹಾದ ಪಾತ್ರೆಯಲ್ಲೇ
ಬಿಸಿನೀರು ತಂದೆ. ಸುರಿದ, ಒರೆಸಿದ, ಮೀಟರು ಹಚ್ಚಿದ.
ಹತ್ತೂವರೆ.
ಗಂಟೆಯಲ್ಲ, ವೋಲ್ಟು.

ಮೂರು ವರ್ಷದ ವಾರಂಟಿ ಕಾರ್ಡು ಹಿಡಿದು ಕಂಪನಿಯನ್ನು ಬೈದೆ.
ಅವನು ಬೈಯಲಿಲ್ಲ.
"ಗಾಡಿ ಎಷ್ಟ್ ಓಡತೈತ್ರಿ ಅಕ್ಕಾರ?"
ಭಾನುವಾರ ಮುಲುಂಡಿನ ಮಾರ್ಕೆಟ್ಟು, ಹೋಗಿ ಬಂದು ಆರು ಕಿಲೋಮೀಟರು.
"ಸ್ಟಾರ್ಟ್ ಮಾಡೂದ್ರಾಗ ಖರ್ಚಾಗಿದ್ದು
ಅಷ್ಟರಾಗ ಹೊಳ್ಳಿ ಬರೂದಿಲ್ರಿ.
ಅರ್ಧ ಹೊಟ್ಟ್ಯಾಗ ಮಲಗಿದ ಬ್ಯಾಟರಿ
ಒಳಗಿಂದೊಳಗ ಕಲ್ಲಾಗತೈತಿ."

ಆಮೇಲೆ ಸೀಟಿನ ಕಡೆ ನೋಡಿದ:
ದಿಂಬು, ಕನ್ನಡಕದ ಡಬ್ಬಿ, ಬೋರಲು ಬಿದ್ದ ಕಾದಂಬರಿ,
ಶೇಂಗಾ ಸಿಪ್ಪೆ.
"ರಾತ್ರಿ ಇದರಾಗ ಯಾರ್ ಕುಂದರ್ತಾರ್ರಿ?"

ಹೇಳಲಿಲ್ಲ.
ಮೇಲೆ ಒಂದೇ ಕೋಣೆ, ಐದು ಮಂದಿ, ಟೀವಿ,
ಮಾವನ ಕೆಮ್ಮು, ಮಗಳ ಮಗ್ಗಿ.
ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಯಾರದೋ ರಕ್ತ.
ಛತ್ರಿ ಮರೆತೆ ಎಂದು ಕೆಳಗಿಳಿದು
ಬಾಗಿಲೆಳೆದುಕೊಂಡು, ಎಂಜಿನ್ ಹಚ್ಚದೆ,
ನೆತ್ತಿಯ ಮೇಲಿನ ಆ ಹಳದಿ ದೀಪದಲ್ಲಿ ನಲವತ್ತು ನಿಮಿಷ.
ಬೇಸಿಗೆಯಲ್ಲೂ ಛತ್ರಿ.
ಯಾರೂ ಕೇಳಿಲ್ಲ.

ಹಳೆಯದನ್ನು ಬಿಚ್ಚಿ ಸ್ಕೂಟರಿನಲ್ಲಿ ಕಾಲಡಿ ಇಟ್ಟ, ನಾನು ಆಟೋದಲ್ಲಿ ಹಿಂದೆ.
ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡದರ ಮೇಲೆ ಕೈಯಿಟ್ಟೆ.
"ಬ್ಯಾಡ್ರಿ. ಟ್ರೇದಾಗ ಕುಂದರೂದಿಲ್ಲ.
ಕುಂತರೂ ನಿಮ್ಮ ಆರು ಕಿಲೋಮೀಟರಿಗೆ ತುಂಬೂದಿಲ್ಲ."
ಪಕ್ಕದ್ದು ಹೊಳೆಯುತ್ತಿತ್ತು, ಹೊಚ್ಚ ಹೊಸದು.
ಬೆನ್ನಿಗೆ ಒತ್ತಿದ ತಾರೀಖಿನ ಧೂಳನ್ನು ಉಗುರಿನಿಂದ ಕೆರೆದ:
ಹನ್ನೊಂದು ತಿಂಗಳ ಹಿಂದಿನದು.
"ಯಾರೂ ಒಯ್ಯದಿದ್ರೂ ವಯಸ್ಸಾಗತೈತ್ರಿ."
ಬೇಗ ಕೈ ತೆಗೆದೆ.

ಕಾರು ಹುಟ್ಟುವಾಗ ಇದ್ದಷ್ಟೇ ಆಂಪಿಯರಿನದು,
ಹೋದ ತಿಂಗಳು ತಯಾರಾದದ್ದು, ಗೋದಾಮಿನಿಂದ ತರಿಸಿದ.
ಹಳೆಯದು ತಕ್ಕಡಿಗೆ ಹೋಯಿತು. ಸೀಸಕ್ಕೆ ಒಂಬೈನೂರು.
ಸತ್ತಮೇಲೂ ಎಷ್ಟು ಭಾರ.

ಚಿಲ್ಲರೆಯ ಜೊತೆ, ಡ್ರಾದಿಂದ
ಪುಸ್ತಕಕ್ಕೆ ಕಚ್ಚಿಸುವ ಪುಟ್ಟ ದೀಪವೊಂದು ಚೀಲಕ್ಕೆ ಹಾಕಿದ.
ಬಿಲ್ಲಿನಲ್ಲಿ ಬರೆಯಲಿಲ್ಲ.
"ವಾರಕ್ಕೊಮ್ಮೆ ಠಾಣೆ ದಾಟಿ ಹೋಗಿ ಬರ್ರಿ. ಸುಮ್ಮನ."

ಭಾನುವಾರ ಮುಲುಂಡಿನ ತಿರುವು ಬಂತು.
ಕೊತ್ತಂಬರಿ ತರುವುದಿತ್ತು.
ಘೋಡಬಂದರಿನ ತನಕ ಹೋಗಿ, ಖಾಡಿಯ ಗಾಳಿಗೆ ಕಿಟಕಿ ತೆರೆದು
ಕೂತು, ಕತ್ತಲಾದಮೇಲೆ ತಿರುಗಿ ಬಂದೆ.
ಎಲ್ಲಿಗೆ ಹೋಗಿದ್ದೆ, ಎಂದರು ಎಲ್ಲರೂ ಒಟ್ಟಿಗೆ.
ಬ್ಯಾಟರಿಗೆ ಬೇಕಂತೆ, ಎಂದೆ.