ಚಿಲ್ಲರೆ ಬಾಕಿ

ಟಿಕೆಟ್ಟಿನ ಬೆನ್ನಿಗೆ ನಾನು ಬರೆದುಕೊಡುವ ಅಂಕಿ
ನಿಮಗೂ ಗೊತ್ತಿರುತ್ತದೆ: ಎಂಟು, ಹದಿಮೂರು, ತೊಂಬತ್ತು,
ಅಡಿಗೊಂದು ಗೀಟು. ಇಳಿಯುವಾಗ ಕೇಳಿ ಅಂದಿರುತ್ತೇನೆ.
ಯಶವಂತಪುರದ ನೂಕಿನಲ್ಲಿ
ಅರ್ಧ ಜನ ಮರೆತೇ ಇಳಿಯುತ್ತಾರೆ.

ಕೋಮಲ ಮುದ್ದೆ ಮುರಿಯುತ್ತಾ ಹೇಳಿದಳು:
ಛತ್ರ ಬೇಡಮ್ಮ.
ಒಂದು ತಿಂಗಳ ನೋಟೀಸು, ಮೂರು ಸಾಕ್ಷಿ, ಎರಡು ಹಾರ,
ಎಲ್ಲಾ ಸೇರಿ ಮೂರು ಸಾವಿರ ದಾಟಲ್ಲ.
ಇಂದುಧರ ಒಪ್ಪಿದಾನೆ. ಅವರಪ್ಪನಿಗೆ
ಬಿ.ಪಿ. ಮಾತ್ರೆ ಕೊಟ್ಟು ಒಪ್ಪಿಸಿದಾನೆ.

ನಾನೇನು ದುಂದುಗಾತಿಯಾ?
ನನ್ನದೂ ಒಂದು ಲೆಕ್ಕ ಇತ್ತು, ಟ್ರಿಪ್ ಶೀಟಿನ ಹಿಂಬದಿ.
ಬುಧವಾರದ ಮುಹೂರ್ತವಾದರೆ
ನಾಗರಬಾವಿ ಛತ್ರದವರು ಹದಿನೈದು ಸಾವಿರ ಬಿಡುತ್ತಾರೆ.
ಅವೆನ್ಯೂ ರೋಡಿನಲ್ಲಿ ಹೋದ ವರ್ಷದ ಕಾರ್ಡು,
ಗಣಪತಿಯ ಸೊಂಡಿಲು ಕೊಂಚ ಮಾಸಿದ್ದು, ಒಂದಕ್ಕೆ ನಾಲ್ಕು ರೂಪಾಯಿ.
ಹೂವಿಗೆ ಮಾರ್ಕೆಟ್ಟು, ನಸುಕಿನ ಮೊದಲ ಬಸ್ಸು,
ಮೂಟೆಗೆ ಲಗೇಜು ನಾನೇ ಹರಿಯುತ್ತೇನೆ.
ಹಿಂದಿನ ರಾತ್ರಿ ರಿಸೆಪ್ಷನ್ನಿನವರ ಮಂಟಪ
ಕಳಚಬೇಡಪ್ಪ ಎಂದು ಡೆಕೊರೇಷನ್ ಹುಡುಗನ ಕೈಗೆ ಐನೂರು;
ಥರ್ಮೊಕೋಲಿನ ಅಕ್ಷರ ಕಿತ್ತು ಜೋಡಿಸಿಕೊಂಡರಾಯಿತು,
ಆ ಹುಡುಗಿಯ ಹೆಸರಿನಲ್ಲೂ ಒಂದು 'ಲ' ಇರಲಿ ದೇವರೇ.

ಇಷ್ಟು ಹಿಂಡಿ ಹಿಪ್ಪೆ ಮಾಡಿದರೂ
ಮೂರೂವರೆ ಲಕ್ಷದ ಕೆಳಗೆ ಇಳಿಯಲಿಲ್ಲ.

ಆಗ ತೆಗೆದೆ ಇನ್ನೊಂದು ಪುಸ್ತಕ,
ಅಕ್ಕಿ ಡಬ್ಬದ ಹಿಂದಿನದು.
ಮುಯ್ಯಿ.
ಡ್ರೈವರ್ ಮುನಿಚೌಡಪ್ಪನ ಮಗಳು, ನೂರೊಂದು.
ಲೀಲಾವತಿ ಮೇಡಮ್ಮಿನ ತಮ್ಮ, ಐವತ್ತೊಂದು, ಜೊತೆಗೊಂದು ಸ್ಟೀಲು ಡಬರಿ.
ಹಿಂದಿನ ಬೀದಿ ಫಾತಿಮುನ್ನೀಸಾಳ ಎರಡನೆಯವನು, ಇನ್ನೂರು,
ಬಿರಿಯಾನಿಗೆ ಕೂರದೆ ಸೆಕೆಂಡ್ ಶಿಫ್ಟಿಗೆ ಓಡಿದ್ದೆ.
ಇಪ್ಪತ್ತೊಂದು ವರ್ಷ. ಸಂಬಳ ತಡವಾದ ತಿಂಗಳೂ ಬಿಟ್ಟಿಲ್ಲ.
ಒಟ್ಟು ನಲವತ್ತೊಂದು ಸಾವಿರದ ಆರುನೂರ ಎಂಬತ್ತು.
ಛತ್ರವಿಲ್ಲದಿದ್ದರೆ
ಇದನ್ನೆಲ್ಲಾ ವಾಪಸು ಬರೆದುಕೊಳ್ಳುವ ಮೇಜೆಲ್ಲಿ ಹಾಕಲಿ?

ನಲವತ್ತೊಂದು ಸಾವಿರ ವಸೂಲಿಗೆ
ಮೂರೂವರೆ ಲಕ್ಷ ಖರ್ಚೇನಮ್ಮ, ಅಂತ ನಕ್ಕಳು.
ಲೆಕ್ಕ ಸರಿ ಇತ್ತು.
ನನಗೇ ನಗು ಬರಲಿಲ್ಲ.

ದುಡ್ಡಲ್ಲ ಕಣೇ.
ಬಸ್ಸಿನ ಬಾಗಿಲಲ್ಲಿ ನಿಂತು ದಿನಕ್ಕೆ ಸಾವಿರ ಸಲ
ಒಳಗೆ ಹೋಗಿ, ಒಳಗೆ ಹೋಗಿ ಅಂತ ಗದರಿದ ಗಂಟಲು ಇದು.
ಒಂದು ದಿನ, ಒಂದೇ ಒಂದು ದಿನ
ರೇಷ್ಮೆ ಸೀರೆ ಉಟ್ಟು, ಪನ್ನೀರ ದಾನಿ ಹಿಡಿದು
ಒಳಗೆ ಬನ್ನಿ ಅನ್ನಬೇಕಿತ್ತು.
ಇದನ್ನು ಅವಳಿಗೆ ಹೇಳಲಿಲ್ಲ.
ಸಾರು ಬಡಿಸಿದೆ.

ಗುರುವಾರ. ಕ್ಯಾಶುಯಲ್ ರಜೆ.
ರಿಜಿಸ್ಟ್ರಾರ್ ಆಫೀಸಿನ ಬಾಗಿಲು ನಮ್ಮ ಬಸ್ಸಿನದಕ್ಕಿಂತ ಕಿರಿದು.
ಮುನಿಚೌಡಪ್ಪ, ಫಾತಿಮುನ್ನೀಸಾ, ಬೀಗರು ನಾಲ್ಕು ಜನ,
ಒಳಗೆ ಬನ್ನಿ ಅಂದೆ.
ಸಾಕ್ಷಿಗಳು ಮಾತ್ರ, ಅಂದ ಗುಮಾಸ್ತ, ತಲೆ ಎತ್ತದೆ.

ಆಮೇಲೆ ಊಟಕ್ಕೆ ಗಾಂಧಿನಗರ. ಹೋಳಿಗೆ ಇತ್ತು, ಅದರಲ್ಲಿ ನಾನು ರಾಜಿಯಾಗಲಿಲ್ಲ.
ದಿಬ್ಬಣ ಬಸ್ಸಿನಲ್ಲೇ:
ನನಗೆ ಸ್ಟಾಫು, ಮಗಳಿಗೆ ಸೊನ್ನೆ ಟಿಕೆಟ್ಟು,
ಅಳಿಯನಿಗೆ ಮಾತ್ರ ಹದಿನೆಂಟು ರೂಪಾಯಿ.
ಕಂಡಕ್ಟರು ಹೊಸ ಹುಡುಗ, ಬೆನ್ನಿಗೆ ಎರಡು ಅಂತ ಬರೆದುಕೊಟ್ಟ.

ಹಾರ ಇನ್ನೂ ಕೊರಳಲ್ಲಿತ್ತು.
ಸೊಪ್ಪಿನ ಗಂಟು ತೊಡೆ ಮೇಲಿಟ್ಟು ಕೂತಿದ್ದ ಹೆಂಗಸೊಬ್ಬಳು
ನೋಡಿದಳು, ಎದ್ದಳು, ಸೀಟು ಬಿಟ್ಟಳು,
ಎಲೆಯಡಿಕೆ ಚೀಲ ತಡಕಾಡಿ
ಕೋಮಲಳ ಅಂಗೈಗೆ ಏನೋ ಒತ್ತಿ
ಹೆಸರು ಕೇಳುವಷ್ಟರಲ್ಲಿ ಇಳಿದೇ ಬಿಟ್ಟಳು.

ರಾತ್ರಿ ಪುಸ್ತಕ ತೆಗೆದೆ. ಬಲಗಡೆಯ ಕಾಲಮ್ಮು,
ಇಪ್ಪತ್ತೊಂದು ವರ್ಷ ಖಾಲಿ ಇದ್ದದ್ದು:
ಸೊಪ್ಪಿನವಳು, ಹಸಿರು ಸೀರೆ,
ರಾಜಾಜಿನಗರ ಎಂಟ್ರೆನ್ಸು ಸ್ಟಾಪು.
ಹನ್ನೊಂದು ರೂಪಾಯಿ.
ಅಡಿಗೊಂದು ಗೀಟು.